ಮಪೆಟ್ ಶೋ ಮತ್ತೆ ನೋಡುವವರ ಅಡ್ಡಾ: ಈ ವಾರ ಹ್ಯಾರಿ ಬೆಲಫಾಂಟೆ ಕಂತು

ಹಳೇಪರದೆ

ಬಂತು ಬಂತು, ಗಾಯಕ ಬೆಲಫಾಂಟೆ ಕಂತು ಬಂತು! ವಾರಕ್ಕೊಂದರಂತೆ ನೋಡುತ್ತಾ ಕೊನೆಗೂ ಮೂರನೇ ಸೀಸನ್ನಿನ ನಡುವೆ ತಲುಪಿದ್ದೇವೆ. ನಾನಂತೂ ಇದಕ್ಕೇ ಕಾಯುತ್ತಿದ್ದೆ. ಶನಿವಾರ ರಾತ್ರಿ ನೋಡಿದೆ. ಭಾನುವಾರ ಬೆಳಿಗ್ಗೆ ಎದ್ದು ಮತ್ತೆ ನೋಡಿದೆ.

ಹೊಸಬರಿಗೆ ಎರಡು ಮಾತು. ಜಿಮ್ ಹೆನ್ಸನ್ ಅವರ ಗೊಂಬೆಗಳ ಟಿವಿ ಕಾರ್ಯಕ್ರಮ ದಿ ಮಪೆಟ್ ಶೋ ನಡೆದದ್ದು 1976ರಿಂದ 1981ರವರೆಗೆ. ಐದು ಸೀಸನ್, ಒಂದೊಂದರಲ್ಲಿ 24, ಒಟ್ಟು 120 ಕಂತು. ಒಂದು ಹಳೇ ರಂಗಮಂದಿರ, ಅದನ್ನು ಹೇಗೋ ಎಳೆದುಕೊಂಡು ಹೋಗುವ ಕಪ್ಪೆ ಕರ್ಮಿಟ್, ಪ್ರತಿ ವಾರ ಒಬ್ಬ ದೊಡ್ಡ ಅತಿಥಿ. ಮುಂದೆ ಹಾಡು, ಕುಣಿತ, ತಮಾಷೆ. ತೆರೆಯ ಹಿಂದೆ ರಂಪ. ನನ್ನ ಪ್ರಕಾರ ಇಡೀ ಕಾರ್ಯಕ್ರಮದ ಜೀವ ಇರೋದು ಆ ರಂಪದಲ್ಲೇ.

ಈ ಕಂತಿನಲ್ಲಿ ರಂಪದ ಯಜಮಾನ ಕರಡಿ ಫಾಝಿ. ಈ ಸಲದ ಶೋ ನಾನೇ ಬರೆಯುತ್ತೇನೆ ಅಂತ ಕೂತಿದ್ದಾನೆ. ಬರೆದದ್ದೆಲ್ಲ ಎಡವಟ್ಟು. ಅದರ ನಡುವೆ ಬೆಲಫಾಂಟೆ ಶಾಂತವಾಗಿ, ಒಂದಿಷ್ಟೂ ಬೇಸರ ತೋರಿಸದೆ ಇರುತ್ತಾರೆ. ಆ ನಗು ನೋಡಿ. ಎಷ್ಟೋ ಅತಿಥಿಗಳು ಗೊಂಬೆ ಜೊತೆ ಮಾತಾಡುವಾಗ ಕಣ್ಣು ಸ್ವಲ್ಪ ಆಚೀಚೆ ಹೋಗುತ್ತದೆ. ಇವರ ಕಣ್ಣು ಫಾಝಿಯ ಮುಖ ಬಿಟ್ಟು ಹೋಗೋದಿಲ್ಲ.

ಆಮೇಲೆ ಡ್ರಮ್ ಬಡಿಯುವ ಗೊಂಬೆ ಅನಿಮಲ್ ಜೊತೆ ಡ್ರಮ್ ಪೈಪೋಟಿ. ಕೊನೆಗೆ 'ಟರ್ನ್ ದ ವರ್ಲ್ಡ್ ಅರೌಂಡ್'. ಅದರ ಬಗ್ಗೆ ಈಗಲೇ ಬರೆಯೋದಿಲ್ಲ, ಬರೆದರೆ ಉದ್ದ ಆಗುತ್ತದೆ. ನೀವು ಶುರು ಮಾಡಿ.

ಡೋಲುಡಬ್ಬ

ನಾನು ಡ್ರಮ್ ಬಡಿಯುವವನು, ಹಾಗಾಗಿ ನನಗೆ ಕಾಣೋದು ಅನಿಮಲ್ ಮಾತ್ರ. ಬೇರೆಯವರೆಲ್ಲ ಹಿನ್ನೆಲೆ.

ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಅನಿಮಲ್ ಗೊಂಬೆಯ ಬಾಯಿ, ಧ್ವನಿ ಫ್ರ್ಯಾಂಕ್ ಆಜ್ ಅವರದ್ದು. ಆದರೆ ನೀವು ಕೇಳುವ ಡ್ರಮ್ ರಾನಿ ವೆರೆಲ್ ಅವರದ್ದು. ಜ್ಯಾಕ್ ಪಾರ್ನೆಲ್ ಅವರ ವಾದ್ಯವೃಂದದಲ್ಲಿ ಡ್ರಮ್ ನುಡಿಸುತ್ತಿದ್ದವರು. ಅಂದರೆ ಒಬ್ಬರ ಕೈಯ ಪೆಟ್ಟಿಗೆ ಇನ್ನೊಬ್ಬರು ತಲೆ ಅಲ್ಲಾಡಿಸಬೇಕು. ಅದು ಒಂದು ಕೂದಲೆಳೆ ತಪ್ಪಿದರೂ ನಮ್ಮಂಥವರಿಗೆ ತಕ್ಷಣ ಗೊತ್ತಾಗುತ್ತದೆ. ಈ ಕಂತಿನಲ್ಲಿ ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ಸಿಕ್ಕಿಬೀಳಲಿಲ್ಲ ಮಾರಾಯ್ರೆ.

ಬೆಲಫಾಂಟೆ ನಿಧಾನಕ್ಕೆ ಒಂದು ಲಯ ಕೊಡುತ್ತಾರೆ. ಅನಿಮಲ್ ಅದಕ್ಕೆ ಸಿಡಿದು ಉತ್ತರ ಕೊಡುತ್ತಾನೆ. ಪೈಪೋಟಿ ಅಂತ ಹೆಸರು, ಆದರೆ ಬೆಲಫಾಂಟೆ ಅಲ್ಲಿ ಗೆಲ್ಲೋಕೆ ಕೂತಿಲ್ಲ. ತುಂಟ ಹುಡುಗನ ಜೊತೆ ಆಡುವ ಹಾಗೆ ಆಡುತ್ತಿದ್ದಾರೆ.

ನಿದ್ದೆಗೆಟ್ಟವಳು

ಜಾಝ್ ಡ್ರಮ್ ವಾದಕ ಬಡ್ಡಿ ರಿಚ್ ಕಂತು ಮರೆತುಬಿಟ್ರಾ? ಡ್ರಮ್ ಪೈಪೋಟಿ ಅಂದರೆ ಅದು.

ಡೋಲುಡಬ್ಬ

ಮರೆಯೋದಾ! ಆದರೆ ಅದು ಐದನೇ ಸೀಸನ್. ನಾವು ಅಲ್ಲಿಗೆ ಹೋಗೋಕೆ ಇನ್ನೂ ವರ್ಷ ಬೇಕು. ಆಗ ನಾನು ಒಬ್ಬನೇ ನಾಲ್ಕು ಪುಟ ಬರೆಯುತ್ತೇನೆ, ನೀವು ಓದಬೇಕು. ಸದ್ಯಕ್ಕೆ ಇಷ್ಟು: ಕೈಚಳಕ ನೋಡಬೇಕಾದರೆ ಬಡ್ಡಿ ರಿಚ್. ಅನಿಮಲ್‌ನ ಮನಸ್ಸು ನೋಡಬೇಕಾದರೆ ಬೆಲಫಾಂಟೆ. ರಿಚ್ ಎದುರು ಸೋತಾಗ ಅವನು ಏನು ಮಾಡುತ್ತಾನೆ ಗೊತ್ತಲ್ಲ, ಡ್ರಮ್ ಎತ್ತಿ ಅವರ ತಲೆಗೇ ಹಾಕುತ್ತಾನೆ.

ಹೊಸಬ 7

ಅಯ್ಯೋ, ಅದನ್ನು ನಾನು ಇನ್ನೂ ನೋಡಿಲ್ಲ.

ಡೋಲುಡಬ್ಬ

ಕ್ಷಮಿಸಿ. ನಲವತ್ತು ವರ್ಷ ದಾಟಿದ ಗುಟ್ಟು, ಇನ್ನು ಎಷ್ಟು ದಿನ ಕಾಪಾಡಲಿ.

ಕಾಲುಚೀಲದಗೊಂಬೆ

ಹಳೇಪರದೆ ಸರ್, ಒಂದು ಜಗಳ ಬಾಕಿ ಇದೆ. ಮೊದಲ ಸೀಸನ್ ಬಿಟ್ಟು ಎರಡನೆಯದರಿಂದ ಶುರು ಮಾಡಿದ್ದು ಯಾರ ತೀರ್ಮಾನ? ನಿಮ್ಮದೇ ಅಲ್ವಾ? ಅನಿಮಲ್ ವಿಷಯ ಬಂದಿದ್ದಕ್ಕೆ ಕೇಳುತ್ತಿದ್ದೇನೆ. ಅನಿಮಲ್‌ನ ಅತಿ ದೊಡ್ಡ ಕಂತು ಇರೋದೇ ಮೊದಲ ಸೀಸನ್ನಿನಲ್ಲಿ. ನಟಿ ರೀಟಾ ಮೊರೆನೊ ಬಂದದ್ದು!

ಹಳೇಪರದೆ

ತೀರ್ಮಾನ ನನ್ನದೇ, ಒಪ್ಪಿಕೊಂಡೆ. ಮೊದಲ ಸೀಸನ್ ಅರೆಬೆಂದದ್ದು ಮೇಡಂ. ಮಿಸ್ ಪಿಗ್ಗಿ ಆಗ ಇನ್ನೂ ಗುಂಪಿನಲ್ಲಿ ಒಂದು ಹಂದಿ. ಒಂದು ಕಂತಿನಲ್ಲಿ ರಿಚರ್ಡ್ ಹಂಟ್ ಆಡಿಸಿದರೆ ಇನ್ನೊಂದರಲ್ಲಿ ಫ್ರ್ಯಾಂಕ್ ಆಜ್, ಧ್ವನಿಯೂ ಹಾಗೇ ಬದಲಾಗುತ್ತಿತ್ತು. ಗೊಂಝೊನ ಕಣ್ಣು ನೋಡಿ, ಯಾವಾಗಲೂ ಜೋತುಬಿದ್ದಿರುತ್ತದೆ, ಪಾಪ ಅನ್ನಿಸುತ್ತದೆ. ಎರಡನೇ ಸೀಸನ್ನಿಗೆ ಹೊಸ ಗೊಂಬೆ ಮಾಡಿ, ರೆಪ್ಪೆ ಆಡುವ ಹಾಗೆ ಮಾಡಿದ ಮೇಲೇ ಅವನಿಗೆ ಹುಚ್ಚು ಹಿಡಿದದ್ದು. ಹುಚ್ಚಿಲ್ಲದ ಗೊಂಝೊ ಇದ್ದೇನು ಪ್ರಯೋಜನ? ಜೊತೆಗೆ ಆ ಗೋಷ್ಠಿಗಳು! ಗೊಂಬೆಗಳು ಸುತ್ತ ಕೂತು ದೊಡ್ಡ ವಿಷಯ ಚರ್ಚೆ ಮಾಡುವುದು. ಅದರಲ್ಲಿ ನಾನು ಎದ್ದು ನೀರು ಕುಡಿದು ಬರುತ್ತಿದ್ದೆ.

ಕಾಲುಚೀಲದಗೊಂಬೆ

ಗೋಷ್ಠಿ ಬಿಡಿ, ಅದಕ್ಕೆ ನಾನೂ ವಕಾಲತ್ತು ಹಾಕೋದಿಲ್ಲ. ಆದರೆ ಮೊರೆನೊ ಕಂತು ನೋಡದೆ ಬೆಲಫಾಂಟೆ ಕಂತು ನೋಡಿದರೆ ಅರ್ಧ ರುಚಿ ಹೋಗುತ್ತದೆ.

ಅವರು 'ಫೀವರ್' ಹಾಡುತ್ತಾರೆ. ಮೆಲ್ಲಗೆ, ಪಿಸುಮಾತಿನ ಹಾಗೆ. ಹಿಂದೆ ಡ್ರಮ್ ಮೇಲೆ ಅನಿಮಲ್. ಅವನಿಗೆ ಮೆಲ್ಲಗೆ ಅನ್ನೋದೇ ಗೊತ್ತಿಲ್ಲ. ಸಾಲು ಮುಗಿಯುವಷ್ಟರಲ್ಲಿ ಧಡ ಧಡ ಧಡ. ಅವರು ತಿರುಗಿ ನೋಡುತ್ತಾರೆ. ಸುಮ್ಮನಾಗುತ್ತಾನೆ. ಮತ್ತೆ ಧಡ ಧಡ. ಸ್ಪ್ಯಾನಿಷಿನಲ್ಲಿ ಬೈಗುಳ ಬೀಳುತ್ತದೆ. ಕೊನೆಗೆ ಎರಡು ತಾಳದ ತಟ್ಟೆ ತಗೊಂಡು ಅವನ ತಲೆಯನ್ನು ನಡುವೆ ಹಾಕಿ ಬಡಿಯುತ್ತಾರೆ. ಏಟು ತಿಂದ ಅನಿಮಲ್ ಏನಂತಾನೆ? ಇವಳೇ ನನಗೆ ತಕ್ಕವಳು ಅಂತಾನೆ!

ಇಡೀ ದೃಶ್ಯದಲ್ಲಿ ಅವರು ಕೂಗೋದಿಲ್ಲ, ಮುಖ ಕಿವುಚೋದಿಲ್ಲ. ಕಣ್ಣಲ್ಲೇ ಮುಗಿಸುತ್ತಾರೆ. ಆ ಕಂತಿಗೆ 1977ರಲ್ಲಿ ಅವರಿಗೆ ಟಿವಿಯ ಎಮ್ಮಿ ಪ್ರಶಸ್ತಿ ಬಂತು. ಆಸ್ಕರ್, ಗ್ರ್ಯಾಮಿ, ಟೋನಿ ಮೊದಲೇ ಇತ್ತು. ನಾಲ್ಕೂ ಪೂರ್ತಿ ಆಗಿದ್ದು ಒಂದು ಗೊಂಬೆಯ ತಲೆಗೆ ಬಡಿದು.

ಹಳೇಪರದೆ

ಸರಿ, ಇವತ್ತೇ ನೋಡುತ್ತೇನೆ. ನೋಡಿದ ಮೇಲೂ ಮನಸ್ಸು ಬದಲಾಗದಿದ್ದರೆ ನೀವು ಗೋಷ್ಠಿಯ ದೃಶ್ಯಗಳನ್ನೆಲ್ಲ ಒಂದೇ ಸಲಕ್ಕೆ ಕೂತು ನೋಡಬೇಕು.

ಬಾಲ್ಕನಿಮುದುಕ

ನಾನು ಸುಮ್ನೆ ಬೈಯೋಕೆ ಬಂದೆ. ಶೋದಲ್ಲಿ ಬಾಲ್ಕನಿಯಲ್ಲಿ ಕೂತು ಎಲ್ಲವನ್ನೂ ಬೈಯುವ ಇಬ್ಬರು ಮುದುಕರಿದ್ದಾರಲ್ಲ, ನಾನೂ ಹೆಸರಿಗೆ ತಕ್ಕ ಹಾಗೆ ಇರಬೇಕಲ್ಲ.

ನನ್ನ ದೂರು 'ಡೇ-ಓ' ಬಗ್ಗೆ. ಅಷ್ಟು ಒಳ್ಳೆ ಹಾಡು, ಆ ಕರಡಿ ನಡುವೆ ನಡುವೆ ಮೂಗು ತೂರಿಸಿ ಕೆಡಿಸುತ್ತಾನೆ. ಮೂರನೇ ಸಲ ನೋಡುವಾಗ ನನಗೆ ಬೆಲಫಾಂಟೆಯವರ ಧ್ವನಿ ಕೇಳಬೇಕು, ಕರಡಿಯದ್ದಲ್ಲ.

ನಿದ್ದೆಗೆಟ್ಟವಳು

ಅಜ್ಜ, ಧ್ವನಿ ಮಾತ್ರ ಬೇಕಿದ್ದರೆ ರೆಕಾರ್ಡ್ ಹಾಕಿಕೊಳ್ಳಿ. ಆ ಹಾಡನ್ನು ಅವರು ಅಷ್ಟರಲ್ಲಿ ಎಷ್ಟು ಸಾವಿರ ಸಲ ಹಾಡಿರಬೇಕು! ಅವರನ್ನು ಆ ಹಾಡಿನೊಳಗೆ ಮತ್ತೆ ನಗಿಸಿದ್ದು ಆ ಕರಡಿಯೇ.

ಬಾಲ್ಕನಿಮುದುಕ

ಇದಕ್ಕೇ ನಾನು ಬಾಲ್ಕನಿಯಿಂದ ಕೆಳಗೆ ಇಳಿಯೋದಿಲ್ಲ.

ಊರಾಚೆ

ಎಲ್ಲರೂ ಅಮೆರಿಕದ ಶೋ ಅಂತಾರೆ. ನೆನಪಿರಲಿ, ಇದನ್ನು ಮಾಡಿದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಆಚೆ ಬೋರಮ್‌ವುಡ್‌ನಲ್ಲಿದ್ದ, ಎಟಿವಿ ಅನ್ನೋ ಟಿವಿ ಕಂಪನಿಯ ಎಲ್‌ಸ್ಟ್ರೀ ಸ್ಟುಡಿಯೋ. ಜಿಮ್ ಹೆನ್ಸನ್ 1974ರಲ್ಲಿ ಒಂದು, 1975ರಲ್ಲಿ ಒಂದು ಪ್ರಯೋಗದ ಕಂತು ಮಾಡಿದರು. ಎರಡೂ ಪ್ರಸಾರ ಆದವು. ಆದರೆ ಅಮೆರಿಕದ ಯಾವ ದೊಡ್ಡ ಜಾಲವೂ ಸರಣಿಯಾಗಿ ತಗೊಳ್ಳಲಿಲ್ಲ. ಗೊಂಬೆ ಅಂದರೆ ಮಕ್ಕಳಿಗೆ, ರಾತ್ರಿ ದೊಡ್ಡವರು ಯಾಕೆ ನೋಡುತ್ತಾರೆ ಅನ್ನೋ ಲೆಕ್ಕ. ಕೈ ಹಿಡಿದವರು ಬ್ರಿಟನ್ನಿನ ಟಿವಿ ಉದ್ಯಮಿ ಲ್ಯೂ ಗ್ರೇಡ್. ಹಾಗಾಗಿ ಅಮೆರಿಕದ ಅತಿಥಿಗಳೆಲ್ಲ ಸಮುದ್ರ ದಾಟಿ ಅಲ್ಲಿಗೆ ಹೋಗಬೇಕಾಯಿತು. ಆಮೇಲೆ 100ಕ್ಕೂ ಜಾಸ್ತಿ ದೇಶಗಳಲ್ಲಿ ಓಡಿತು.

ಆ ಸ್ಟುಡಿಯೋವನ್ನು ಆಮೇಲೆ ಬಿಬಿಸಿ ಕೊಂಡುಕೊಂಡಿತು.

ಹೊಸಬ 7

ಒಂದು ಗೊಂದಲ. ಹಿಂದೆ ನೋಡಿದ್ದ ಕಂತುಗಳಲ್ಲಿ ಇದ್ದ ಕೆಲವು ಹಾಡು ಈಗ ಸಿಗುತ್ತಿಲ್ಲ. ನನ್ನ ನೆನಪೇ ತಪ್ಪಾ? ಮನೆಯಲ್ಲಿ ಎಲ್ಲರೂ ನಾನು ಕನಸು ಕಂಡೆ ಅಂತಿದ್ದಾರೆ.

ಊರಾಚೆ

ನಿಮ್ಮ ನೆನಪು ಸರಿ ಇರಬಹುದು. ಬ್ರಿಟನ್ನಿನಲ್ಲಿ ಜಾಹೀರಾತು ಕಮ್ಮಿ, ಹಾಗಾಗಿ ಅಲ್ಲಿನ ಕಂತು ಸುಮಾರು ಎರಡು ನಿಮಿಷ ಉದ್ದ. ಆ ಜಾಗ ತುಂಬೋಕೆ ಒಂದು ಹೆಚ್ಚಿನ ಹಾಡೋ ತಮಾಷೆಯೋ ಹಾಕುತ್ತಿದ್ದರು. ಅಮೆರಿಕದಲ್ಲಿ ಅದು ಇರುತ್ತಿರಲಿಲ್ಲ. ಒಂದೇ ಕಂತು ನೋಡಿದ ಇಬ್ಬರು ಬೇರೆ ಬೇರೆ ಹಾಡು ನೆನಪಿಟ್ಟುಕೊಂಡು ಜಗಳ ಆಡೋದು ಇದಕ್ಕೇ. ಆಮೇಲೆ ಹಾಡಿನ ಹಕ್ಕು ಸಿಗದೆ ಕೆಲವನ್ನು ಕತ್ತರಿಸಿ ಬಿಟ್ಟಿದ್ದೂ ಉಂಟು.

ಕಂತಿನ ಸಂಖ್ಯೆ ಹಿಡಿದುಕೊಂಡೂ ಜಗಳ ಬೇಡ. ಒಂದೊಂದು ಕಡೆ ಒಂದೊಂದು ಕ್ರಮದಲ್ಲಿ ಹಾಕಿದ್ದಾರೆ.

ಹೊಸಬ 7

ಮನೆಯವರಿಗೆ ಇದನ್ನೇ ಓದಿ ಹೇಳಿದೆ. ಒಂದು ಗೆಲುವು ನನಗೆ.

ಹಳೇಪರದೆ

ಮೊರೆನೊ ಕಂತು ನೋಡಿ ಬಂದೆ.

ಕಾಲುಚೀಲದಗೊಂಬೆ ಮೇಡಂ, ಸೋತೆ. 'ಫೀವರ್' ಒಂದನ್ನೇ ನಾಲ್ಕು ಸಲ ನೋಡಿದೆ. ಹಾಡು, ನಟನೆ, ಡ್ರಮ್, ಮೌನ. ಹೌದು, ಮೌನ. ಅನಿಮಲ್ ಬಡಿಯುವ ಮುಂಚಿನ ಆ ಅರ್ಧ ಸೆಕೆಂಡು ಇದೆಯಲ್ಲ, ಅದರಲ್ಲೇ ನಗು ಹುಟ್ಟೋದು. ಶುರುವಿನಲ್ಲಿ ಆಳೆತ್ತರದ ಗೊಂಬೆ ಜೊತೆ ಹೊಡೆದಾಡುತ್ತಾ ಕುಣಿಯುವ ಕುಣಿತವೂ ಚೆನ್ನಾಗಿದೆ.

ಆದರೆ ಪೂರ್ತಿ ಶರಣಾಗತಿ ಇಲ್ಲ. ಜೊತೆಗೇ ಇನ್ನೂ ಎರಡು ಕಂತು ಹಾಕಿ ನೋಡಿದೆ. ಗೊಂಬೆಗಳು ಜೋಡಿ ಜೋಡಿಯಾಗಿ ಕುಣಿಯುತ್ತಾ ಒಂದೊಂದು ಹಾಸ್ಯ ಚಟಾಕಿ ಹಾರಿಸಿ ಹೋಗುವ ಭಾಗ ಇದೆಯಲ್ಲ, ಅದರಲ್ಲಿ ಹತ್ತಕ್ಕೆ ಏಳು ಚಟಾಕಿ ಠುಸ್. ಮೊದಲ ಸೀಸನ್ನಿನಲ್ಲಿ ನಾನು ಉಳಿಸಿಕೊಳ್ಳೋದು ಮೊರೆನೊ, ಆಮೇಲೆ ಜೂಲಿಯೆಟ್ ಪ್ರೌಸ್ ಕಂತಿನ 'ಮಾ ನಾ ಮಾ ನಾ'. ಬೇಕಿದ್ದರೆ ವಿನ್ಸೆಂಟ್ ಪ್ರೈಸ್.

ಕಾಲುಚೀಲದಗೊಂಬೆ

ಇಷ್ಟು ಸಾಕು. ಉಳಿದದ್ದಕ್ಕೆ ಮುಂದೆ ಜಗಳ ಆಡೋಣ.

ನೀವು ಆಗ ಕಣ್ಣಿನ ಮಾತು ಎತ್ತಿದ್ದಿರಿ. ನಾನು ಹವ್ಯಾಸಕ್ಕೆ ಕೈಗೊಂಬೆ ಆಡಿಸುವವಳು, ಅದಕ್ಕೆ ಸ್ವಲ್ಪ ಬರೆಯುತ್ತೇನೆ. ಇವು ಸೂತ್ರದ ಗೊಂಬೆ ಅಲ್ಲ. ಮೇಲಿಂದ ಎಳೆಯೋದಿಲ್ಲ, ಕೆಳಗಿಂದ ಎತ್ತಿ ಹಿಡಿಯೋದು. ಬಲಗೈ ಗೊಂಬೆಯ ತಲೆಯೊಳಗೆ. ಹೆಬ್ಬೆರಳು ಕೆಳದವಡೆ, ಉಳಿದ ನಾಲ್ಕು ಬೆರಳು ಮೇಲ್ದವಡೆ. ವೇದಿಕೆಯನ್ನೇ ಎತ್ತರಕ್ಕೆ ಕಟ್ಟಿ, ಕೆಳಗೆ ಆಡಿಸುವವರು ಓಡಾಡೋಕೆ ಜಾಗ ಬಿಟ್ಟಿರುತ್ತಾರೆ. ಕೈ ತಲೆಯ ಮೇಲೆ ನೆಟ್ಟಗೆ. ಐದು ನಿಮಿಷ ಹಾಗೆ ಹಿಡಿದು ನೋಡಿ, ಭುಜ ಕಳಚಿ ಬೀಳುತ್ತದೆ. ಅವರು ದಿನವಿಡೀ ಹಿಡಿದಿರುತ್ತಿದ್ದರು.

ಗೊಂಬೆಯನ್ನು ಅವರು ನೇರವಾಗಿ ನೋಡೋದೇ ಇಲ್ಲ. ಕಾಲ ಬಳಿ ಚಿಕ್ಕ ಟಿವಿ ಇರುತ್ತದೆ, ಕ್ಯಾಮೆರಾ ಕಾಣುವುದನ್ನೇ ನೋಡಿಕೊಂಡು ಆಡಿಸುತ್ತಾರೆ. ಅದು ಕನ್ನಡಿಯ ಹಾಗೆ ಅಲ್ಲ. ನೀವು ಬಲಕ್ಕೆ ಸರಿದರೆ ಪರದೆಯಲ್ಲಿ ಗೊಂಬೆ ಎಡಕ್ಕೆ ಹೋಗುತ್ತದೆ. ಮೊದಮೊದಲು ನನಗೆ ತಲೆ ತಿರುಗಿತ್ತು. ಗೊಂಬೆ ಮುಖ ಎಲ್ಲೋ, ಮಾತು ಎಲ್ಲೋ.

ಈಗ ಬೆಲಫಾಂಟೆ ನಿಂತಿರೋದು ಎಂಥಾ ಜಾಗದಲ್ಲಿ ಯೋಚಿಸಿ. ಅವರ ಪಕ್ಕದಲ್ಲೇ, ಕ್ಯಾಮೆರಾಗೆ ಕಾಣದ ಹಾಗೆ, ತಲೆಗೆ ಮೈಕ್ ಕಟ್ಟಿಕೊಂಡ ಒಬ್ಬ ಮನುಷ್ಯ ಕೈ ಎತ್ತಿ ಮಾತಾಡುತ್ತಿದ್ದಾನೆ. ಧ್ವನಿ ಕೆಳಗಿಂದ ಬರುತ್ತಿದೆ. ಆದರೂ ಅವರ ಕಣ್ಣು ಮೇಲೆ, ಬಟ್ಟೆಯ ಕರಡಿಯ ಮುಖದ ಮೇಲೆ.

ಡೋಲುಡಬ್ಬ

ಸ್ವೀಡಿಷ್ ಬಾಣಸಿಗನ ಕೈ ಮಾತ್ರ ನಿಜವಾದ ಮನುಷ್ಯನ ಕೈ ಅಲ್ವಾ?

ಕಾಲುಚೀಲದಗೊಂಬೆ

ಹೌದು. ತಲೆ, ಮಾತು ಹೆನ್ಸನ್ ಅವರದ್ದು. ಕೈ ಎರಡೂ ಫ್ರ್ಯಾಂಕ್ ಆಜ್ ಅವರದ್ದು. ಕೈ ಏನಾದರೂ ಕಿತಾಪತಿ ಮಾಡಿದರೆ ಬಾಯಿ ಅದಕ್ಕೆ ತಕ್ಕ ಹಾಗೆ ಗೊಣಗಬೇಕು. ಅರ್ಥವಿಲ್ಲದ ಭಾಷೆ, ಅರ್ಥ ಆಗದ ಅಡುಗೆ. ಅವರಿಬ್ಬರೂ ಅಲ್ಲಿ ಒಬ್ಬರನ್ನೊಬ್ಬರು ಕೀಟಲೆ ಮಾಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ನೋಡಿದರೆ ಎರಡು ಪಟ್ಟು ಮಜಾ.

ನಾಯಿ ರೌಲ್ಫ್ ಕೂಡ ಹಾಗೇ, ಇಬ್ಬರು ಬೇಕು. ಪಿಯಾನೋ ಸದ್ದು ಮಾತ್ರ ಮೂರನೆಯವರದ್ದು, ಡೆರೆಕ್ ಸ್ಕಾಟ್ ಅಂತ.

ನಿದ್ದೆಗೆಟ್ಟವಳು

ರೌಲ್ಫ್ ಹೆಸರು ಬಂದಿದ್ದಕ್ಕೆ ನಾನೂ ಒಂದು ಹೇಳಿಬಿಡುತ್ತೇನೆ. ಇವರಲ್ಲಿ ಮೊದಲು ಹೆಸರು ಮಾಡಿದ್ದು ಕರ್ಮಿಟ್ ಅಲ್ಲ, ರೌಲ್ಫ್. ನಾಯಿ ಆಹಾರದ ಜಾಹೀರಾತಿಗೆ ಅಂತ 1962ರಲ್ಲಿ ಹುಟ್ಟಿದವನು. ಮರುವರ್ಷವೇ ಜಿಮ್ಮಿ ಡೀನ್ ಅವರ ಶೋಗೆ ಸೇರಿ 1966ರವರೆಗೂ ಇದ್ದ. ಕರ್ಮಿಟ್ ವಯಸ್ಸಿನಲ್ಲಿ ದೊಡ್ಡವನು, 1955ರವನು. ಹೆನ್ಸನ್ ತಾಯಿಯ ಹಳೇ ಕೋಟು ಕತ್ತರಿಸಿ ಮಾಡಿದ್ದು, ಕಣ್ಣಿಗೆ ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳು.

ಪಿಯಾನೋ ಮುಂದೆ ಕೂತ ರೌಲ್ಫ್ ನೋಡಿದರೆ ನನಗೆ ನೆಮ್ಮದಿ. ಸುತ್ತ ಎಲ್ಲರೂ ಸಿಡಿಯುತ್ತಿರುತ್ತಾರೆ, ಇವನೊಬ್ಬ ಆರಾಮ. ನಾಲ್ಕನೇ ಸೀಸನ್ನಿನಲ್ಲಿ ಪಿಯಾನೋ ವಾದಕ ವಿಕ್ಟರ್ ಬೋರ್ಗ ಜೊತೆ ಲಿಸ್ಟ್ ಅವರ ಹಂಗೇರಿಯನ್ ರಾಪ್ಸೊಡಿ ನುಡಿಸುತ್ತಾನೆ. ಹೊಸಬ 7, ಇಷ್ಟೇ ಹೇಳಿದ್ದು. ಮುಂದಿನದ್ದು ಹೇಳೋದಿಲ್ಲ.

ಹೊಸಬ 7

ಧನ್ಯವಾದ. ನಾನೂ ಒಂದು ಹೇಳಲಾ? ಇಷ್ಟರವರೆಗೆ ನೋಡಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಬ್ಯಾಲೆ ನರ್ತಕ ನುರೆಯೆವ್ ಕಂತು. ಬ್ಯಾಲೆ ಅಂದರೆ ನನಗೆ ಏನೂ ಗೊತ್ತಿಲ್ಲ. ಹದ್ದು ಸ್ಯಾಮ್ ಬೆಳಗಿಂದ ಕುಣಿದಾಡುತ್ತಾನೆ, ಕೊನೆಗೂ ನಮ್ಮ ವೇದಿಕೆಗೆ ಸಂಸ್ಕೃತಿ ಬಂತು ಅಂತ. ಸಂಸ್ಕೃತಿ ಸಾದಾ ಬಟ್ಟೆಯಲ್ಲಿ ಬಾಗಿಲಿಗೆ ಬಂದು ನಿಂತರೆ ಯಾರೋ ಅಲೆಮಾರಿ ಅಂತ ಹೊರಗೆ ಹಾಕಿಸುತ್ತಾನೆ! ಅಲ್ಲಿ ನಾನು ಕುರ್ಚಿಯಿಂದ ಬೀಳೋದೊಂದು ಬಾಕಿ.

ಹಳೇಪರದೆ

ಆ ಕಂತಿನ ಹೆಸರು ಎತ್ತಿದ್ದು ಒಳ್ಳೆಯದಾಯಿತು. 'ಸ್ವಾನ್ ಲೇಕ್' ಅಲ್ಲಿ 'ಸ್ವೈನ್ ಲೇಕ್' ಆಗುತ್ತದೆ. ನಮ್ಮಲ್ಲಿ ಇದಕ್ಕೆ ಅನುವಾದವೇ ಕಾದು ಕೂತಿತ್ತು ನೋಡಿ. ಹಂಸ ಸರೋವರ ಹೋಗಿ ಹಂದಿ ಸರೋವರ! ಆಳೆತ್ತರದ ಹಂದಿಯನ್ನು ನುರೆಯೆವ್ ಎತ್ತುತ್ತಾರೆ, ತಿರುಗಿಸುತ್ತಾರೆ. ಒಂದು ಹೆಜ್ಜೆಯೂ ಸಡಿಲ ಇಲ್ಲ. ನಿಜವಾದ ವೇದಿಕೆಯಲ್ಲಿ ಕುಣಿದಷ್ಟೇ ಶ್ರದ್ಧೆ. ತಮಾಷೆ ಕೆಲಸ ಮಾಡೋದು ಅದಕ್ಕೇ. ಅವರು ಒಂದು ಕ್ಷಣ ನಕ್ಕಿದ್ದರೂ ಮುಗಿಯುತ್ತಿತ್ತು.

ಶುರುವಿನಲ್ಲಿ ಅತಿಥಿಗಳನ್ನು ಒಪ್ಪಿಸೋದೇ ಕಷ್ಟ ಆಗಿತ್ತಂತೆ, ಪರಿಚಯದವರನ್ನೇ ಕರೆಯಬೇಕಿತ್ತು. ನುರೆಯೆವ್ ಬಂದು ಹೋದ ಮೇಲೆ ದೊಡ್ಡವರೆಲ್ಲ ತಾವಾಗಿ ಬರತೊಡಗಿದರು ಅನ್ನುತ್ತಾರೆ. ಹಂದಿ ಜೊತೆ ನುರೆಯೆವ್ ಕುಣಿದ ಮೇಲೆ ಉಳಿದವರಿಗೆ ಯಾವ ಮಾನ ಹೋಗುತ್ತದೆ, ಅಲ್ವಾ?

ಬಾಲ್ಕನಿಮುದುಕ

ನಗುವಿನ ಬಗ್ಗೆ ಒಂದು ದೂರು. ಇವರು ನೋಡುಗರನ್ನು ಕೂರಿಸಿ ಮಾಡಿದ್ದಲ್ಲ. ನಗು ಆಮೇಲೆ ಅಂಟಿಸಿದ್ದು. ಕೆಲವು ಕಡೆ ಚಟಾಕಿ ಸತ್ತು ಬಿದ್ದಿರುತ್ತದೆ, ಅಂಟಿಸಿದ ನಗು ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿರುತ್ತದೆ.

ಊರಾಚೆ

ಒಂದೇ ಒಂದು ಬಿಟ್ಟು ಅಜ್ಜ. ಹಾಸ್ಯನಟ ಸ್ಟೀವ್ ಮಾರ್ಟಿನ್ ಕಂತು. ಆವತ್ತು ಶೋ ಇಲ್ಲ, ಹೊಸ ಕಲಾವಿದರ ಆಯ್ಕೆ ಅಂತ ಕಥೆ. ಮಾರ್ಟಿನ್ ಬಂದು ನಿಂತರೆ, ಅಯ್ಯೋ ನಿಮಗೆ ತಿಳಿಸೋದು ಮರೆತೆವು ಅಂತಾರೆ. ಎದುರಿಗೆ ಜನ ಇಲ್ಲ ಅಂದ ಮೇಲೆ ನಗು ಅಂಟಿಸೋ ಹಾಗಿಲ್ಲ. ಹಾಗಾಗಿ ಅಲ್ಲಿ ಕೇಳಿಸೋದು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದವರ ನಗು. ಮತ್ತೆ ಕೇಳಿ. ತಡೆದು ತಡೆದು ಸೋತ ನಗು ಅದು.

ಬಾಲ್ಕನಿಮುದುಕ

ಸರಿ. ಒಂದು ಕಂತು ಒಪ್ಪಿದೆ. 119ಕ್ಕೆ ದೂರು ಮುಂದುವರಿಯುತ್ತದೆ.

ಹಾಗೇ ಇನ್ನೊಂದು. ಆ ಬಾಲ್ಕನಿ ಮುದುಕರಿಗೆ ಇಟ್ಟ ಸ್ಟ್ಯಾಟ್ಲರ್, ವಾಲ್ಡಾರ್ಫ್ ಅನ್ನೋದು ನ್ಯೂಯಾರ್ಕಿನ ಎರಡು ಹೋಟೆಲುಗಳ ಹೆಸರು. ವಾಲ್ಡಾರ್ಫ್‌ನ ಹೆಂಡತಿಯ ಹೆಸರು ಆಸ್ಟೋರಿಯಾ. ನನ್ನಿಂದಲೂ ಒಂದು ಜ್ಞಾನದ ಮಾತು ಇರಲಿ.

ನಿದ್ದೆಗೆಟ್ಟವಳು

ನಗು ಬಿಟ್ಟು ಬೇರೆ ಏನೋ ಆಗುವ ಕಂತುಗಳೂ ಇವೆಯಲ್ಲ. ನಟ ಪೀಟರ್ ಸೆಲ್ಲರ್ಸ್ ನೆನಪಿದೆಯಾ? ಇಲ್ಲಿ ನೀವು ನೀವಾಗಿಯೇ ಇರಬಹುದು ಅಂತಾನೆ ಕರ್ಮಿಟ್. ಅದಕ್ಕೆ ಅವರು, ನಾನು ಅಂತ ಒಬ್ಬ ಇಲ್ಲವೇ ಇಲ್ಲ, ಹಿಂದೆ ಒಬ್ಬ ಇದ್ದ, ಆಪರೇಷನ್ ಮಾಡಿಸಿ ತೆಗೆಸಿಬಿಟ್ಟೆ ಅಂತಾರೆ. ನಗಬೇಕಾದ ಮಾತು. ನಾನು ನಕ್ಕೆ. ಆಮೇಲೆ ಸುಮಾರು ಹೊತ್ತು ಅದೇ ತಲೆಯಲ್ಲಿ ಕೂತಿತ್ತು.

ಎಡ್ಗರ್ ಬರ್ಗನ್ ಕಂತೂ ಹಾಗೇ. ಚಾರ್ಲಿ ಮೆಕಾರ್ಥಿ ಅನ್ನೋ ಮರದ ಗೊಂಬೆಯನ್ನು ತೊಡೆ ಮೇಲೆ ಕೂರಿಸಿಕೊಂಡು ಮಾತಾಡಿಸುತ್ತಿದ್ದ ಹಿರಿಯರು. ಅದರಲ್ಲಿ ಫಾಝಿಯೂ ಒಂದು ಗೊಂಬೆ ತಂದು ಕೂರುತ್ತಾನೆ. ಗೊಂಬೆ ಮಾತೇ ಆಡೋದಿಲ್ಲ. ಯಾಕೆ ಆಡುತ್ತಿಲ್ಲ ಅಂತ ಅವನಿಗೆ ಗೊತ್ತಾಗೋದೂ ಇಲ್ಲ. ಆಡಿಸುವವನು ಬೇಕು ಅನ್ನೋದು ಗೊತ್ತಿಲ್ಲದ ಗೊಂಬೆ ಅವನು! ಬರ್ಗನ್ 1978ರಲ್ಲಿ ತೀರಿಕೊಂಡರು. ಮಪೆಟ್‌ಗಳ ಮೊದಲ ಸಿನಿಮಾವನ್ನು ಅವರ ನೆನಪಿಗೆ ಅರ್ಪಿಸಿದ್ದಾರೆ.

ಹಳೇಪರದೆ

ಈಗ ಬಾಕಿ ಇಟ್ಟಿದ್ದನ್ನು ಬರೆಯುತ್ತೇನೆ.

'ಟರ್ನ್ ದ ವರ್ಲ್ಡ್ ಅರೌಂಡ್'. ಆಫ್ರಿಕಾದ ಗಿನಿಯಲ್ಲಿ ಒಬ್ಬ ಕಥೆಗಾರನಿಂದ ಈ ಹಾಡು ಹುಟ್ಟಿತು ಅಂತ ಬೆಲಫಾಂಟೆ ಮೊದಲು ಹೇಳುತ್ತಾರೆ. ಬೆಂಕಿ, ನೀರು, ಬೆಟ್ಟ, ಎಲ್ಲ ನಮ್ಮೊಳಗೇ ಇದೆ ಅನ್ನೋ ಥರದ ಹಾಡು. ಅದಕ್ಕೆ ಅಂತಲೇ ಹೊಸ ಗೊಂಬೆ ಮಾಡಿದರು, ಆಫ್ರಿಕಾದ ಮುಖವಾಡಗಳನ್ನು ನೋಡಿಕೊಂಡು. ಯಾರದ್ದೋ ದೇವರ ಮುಖವಾಡವನ್ನು ಆಟಕ್ಕೆ ಬಳಸಿದ ಹಾಗೆ ಆಗಬಾರದು ಅಂತ ಹೆನ್ಸನ್ ತುಂಬಾ ಹುಡುಕಾಡಿ, ಕೇಳಿ ತಿಳಿದು ಮಾಡಿಸಿದರಂತೆ.

ಇಷ್ಟು ಹೊತ್ತು ಕರಡಿ, ಡ್ರಮ್, ಗಲಾಟೆ. ಇಲ್ಲಿ ಅದು ಯಾವುದೂ ಇಲ್ಲ. ಯಾರೂ ಸಿಡಿಯೋದಿಲ್ಲ, ಯಾರ ತಲೆ ಮೇಲೂ ಏನೂ ಬೀಳೋದಿಲ್ಲ. ಮುಖವಾಡದ ಗೊಂಬೆಗಳು ಅವರ ಜೊತೆ ಹಾಡುತ್ತವೆ, ಅಷ್ಟೇ. ಮೊದಲ ಸಲ ನೋಡಿದಾಗ ಈಗ ಏನೋ ತಮಾಷೆ ಬರುತ್ತದೆ ಅಂತ ಕಾದಿದ್ದೆ. ಬರಲೇ ಇಲ್ಲ. ಬಾರದ್ದು ಗೊತ್ತಾಗಿದ್ದೂ ಹಾಡು ಮುಗಿದ ಮೇಲೆ.

1990ರ ಮೇ 16ರಂದು ಹೆನ್ಸನ್ ತೀರಿಕೊಂಡರು. 53 ವರ್ಷ. ನ್ಯೂಯಾರ್ಕಿನಲ್ಲಿ ಅವರ ನೆನಪಿನ ಸಭೆ ನಡೆಯಿತು. ಯಾರೂ ಕಪ್ಪು ಬಟ್ಟೆ ಹಾಕಿಕೊಂಡು ಬರಬಾರದು ಅಂತ ಅವರೇ ಬರೆದಿಟ್ಟಿದ್ದರು. ಅಲ್ಲಿ ಬೆಲಫಾಂಟೆ ಎದ್ದು ನಿಂತು ಹಾಡಿದ್ದು ಇದೇ ಹಾಡು.

ಡೋಲುಡಬ್ಬ

ನನಗೆ ಇದು ಗೊತ್ತಿರಲಿಲ್ಲ. ಡ್ರಮ್ ಭಾಗ ಮುಗಿದ ಕೂಡಲೇ ಪ್ರತಿ ಸಲ ಕಂತು ಮುಚ್ಚಿಬಿಡುತ್ತಿದ್ದೆ. ಈಗ ಹೋಗಿ ಪೂರ್ತಿ ನೋಡುತ್ತೇನೆ.

ಬಾಲ್ಕನಿಮುದುಕ

ನನಗೂ ದೂರಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ, ಮತ್ತೆ ಸಿಗೋದಿಲ್ಲ.

ಊರಾಚೆ

ಮುಂದಿನ ವಾರ ಯಾವುದು? ನಟ ಡ್ಯಾನಿ ಕೇ ಕಂತು ಹಾಕೋಣ. ಸ್ವೀಡಿಷ್ ಬಾಣಸಿಗನ ಚಿಕ್ಕಪ್ಪನಾಗಿ ಬರುತ್ತಾರೆ. ಒಬ್ಬನನ್ನೇ ತಡೆದುಕೊಳ್ಳೋಕೆ ಆಗೋದಿಲ್ಲ, ಇಬ್ಬರಾದರೆ ಹೇಗಿರುತ್ತದೆ ನೋಡಿ.

ನಿದ್ದೆಗೆಟ್ಟವಳು

ಡ್ಯಾನಿ ಕೇಗೆ ನನ್ನ ಓಟು. ಆದರೆ ರಾಕ್ ಗಾಯಕ ಆಲಿಸ್ ಕೂಪರ್ ಕಂತಿನ ಬಗ್ಗೆ ನಾವು ಸರಿಯಾಗಿ ಮಾತೇ ಆಡಲಿಲ್ಲ. ಸೈತಾನನಿಗೆ ಆತ್ಮ ಮಾರಿಕೊಳ್ಳೋಕೆ ಗೊಂಝೊ ತುದಿಗಾಲಲ್ಲಿ ನಿಂತಿದ್ದಾನೆ, ಸಹಿ ಹಾಕೋಕೆ ಪೆನ್ ಸಿಗುತ್ತಿಲ್ಲ! ಅದಕ್ಕೆ ಬೇರೆ ಎಳೆ ತೆರೆಯಿರಿ ಯಾರಾದರೂ.

ಹೊಸಬ 7

ನನ್ನದೂ ಡ್ಯಾನಿ ಕೇ. ಅದಕ್ಕೆ ಮುಂಚೆ ಒಂದು ಪ್ರಶ್ನೆ. ಕೈಗಳನ್ನೇ ನೋಡುತ್ತಾ ನೋಡುತ್ತಾ ಗಮನಿಸಿದೆ. ಈ ಗೊಂಬೆಗಳೆಲ್ಲ ಎಡಚರಾ?

ಕಾಲುಚೀಲದಗೊಂಬೆ

ಸಿಕ್ಕಿಬಿದ್ದಿರಿ, ಇನ್ನು ಬಿಡುಗಡೆ ಇಲ್ಲ. ಆಡಿಸುವವರ ಬಲಗೈ ತಲೆಯೊಳಗೆ ಇರುತ್ತದೆ ಅಂದೆನಲ್ಲ. ಉಳಿದದ್ದು ಎಡಗೈ. ಗೊಂಬೆಯ ಎಡಗೈ ಆಡಿಸೋದು ಅದರಿಂದಲೇ. ಹಾಗಾಗಿ ಹೆಚ್ಚಿನವರು ಎಡಚರು.

ಹೊಸಬ 7

ಬೆಲಫಾಂಟೆ ಕಂತು ಮತ್ತೆ ಹಾಕಿದ್ದೇನೆ. ಅನಿಮಲ್ ಲೆಕ್ಕಕ್ಕೆ ಸಿಗುತ್ತಿಲ್ಲ.

ಡೋಲುಡಬ್ಬ

ಅವನನ್ನು ಬಿಟ್ಟುಬಿಡಿ. ಎರಡೂ ಕೈಯಲ್ಲಿ ಬಡಿಯುತ್ತಾನೆ, ಹಸಿವಾದರೆ ಡ್ರಮ್ ಕಚ್ಚುತ್ತಾನೆ.